ಊದದ ಸೀಟಿ

"ಕೂತ್ಕೊಳ್ಳಿ," ಅಂದಳು ಸಬ್ ಇನ್‌ಸ್ಪೆಕ್ಟರ್ ಶಶಿರೇಖ. "ಮೊನ್ನೆ ಸಾಯಂಕಾಲ ಯಾರ್ಯಾರು ಎಲ್ಲೆಲ್ಲಿ ಕೂತಿದ್ರೋ, ಹಾಗೇ ಕೂತ್ಕೊಳ್ಳಿ."

ಎಂಟು ಹುಡುಗಿಯರು ಮುಖ ಮುಖ ನೋಡಿಕೊಂಡರು. ಹಳದಿ ಜರ್ಸಿ ತೊಟ್ಟು, ಎರಡು ಜಡೆ ಬಿಗಿದು ಮಡಿಚಿ ಕಟ್ಟಿ, ಬಂಗಾರಪೇಟೆಗೆ ಹೊರಟು ನಿಂತಿದ್ದ ಮಕ್ಕಳು. ಮಧ್ಯಾಹ್ನ ಅಲ್ಲಿ ಹೈಸ್ಕೂಲುಗಳ ಖೋ ಖೋ ಫೈನಲ್ಲು. ಗೇಟಿನ ಹತ್ತಿರ ವ್ಯಾನು ಆಗಲೇ ಗುರುಗುಟ್ಟುತ್ತಿತ್ತು.

"ಮೇಡಂ, ಮಕ್ಕಳಿಗೆ ತಡವಾಗ್ತದೆ," ಎಂದು ಮುಂದೆ ಬಂದರು ಸುಬ್ಬರಾಯಪ್ಪ. ಆಂಡರ್ಸನ್‌ಪೇಟೆಯ ಈ ಪುಟ್ಟ ಕಲ್ಲುಬಾವಿ ಹೈಸ್ಕೂಲಿಗೆ ಅವರೇ ಹೆಡ್‌ಮಾಸ್ಟರು. ಬೆವರಿರಲಿ ಬಿಡಲಿ, ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುವುದು ಅವರ ಅಭ್ಯಾಸ. "ಕಪ್ ಬಂದ್ರೆ ಊರಿನೋರು ಮಕ್ಕಳನ್ನ ಇಲ್ಲಿಗೆ ಸೇರಿಸ್ತಾರೆ. ಬರಲಿಲ್ಲ ಅನ್ನಿ, ಮುಂದಿನ ವರ್ಷ ಈ ಶಾಲೆಗೆ ಬೀಗವೇ ಗತಿ."

"ಒಂದು ಗಳಿಗೆ ಸಾರ್. ಕಪ್ ಎಲ್ಲಿಗೂ ಓಡಿಹೋಗಲ್ಲ."

ಕೈತಪ್ಪಿ ಹೋಗುತ್ತಿದ್ದದ್ದು ಕಪ್ಪಲ್ಲ, ಒಬ್ಬ ಮನುಷ್ಯನ ಬದುಕು. ಕ್ಯಾಸಂಬಳ್ಳಿ ಕಡೆಯಿಂದ ದಿನಾ ಪೇಟೆಗೆ ಹಾಲು ಹಾಕುವ ವೆಂಕಟೇಶಪ್ಪ ಠಾಣೆಯ ಕಂಬಿಯ ಹಿಂದೆ ಮಂಡಿ ಮಡಿಚಿ ಕೂತಿದ್ದ. ಇವತ್ತು ಮಧ್ಯಾಹ್ನ ಅವನನ್ನು ಕೋರ್ಟಿಗೆ ಕರೆದೊಯ್ಯಬೇಕು. ಅಲ್ಲಿಂದ ಸೀದಾ ಜೈಲು.

ಶಾಲೆಯ ಪಿ.ಟಿ. ಮೇಷ್ಟ್ರು ಕಾಂತರಾಜ್ ಆಟದ ಸಾಮಾನಿನ ಕೋಣೆಯಲ್ಲಿ ತಲೆ ಒಡೆದು ಬಿದ್ದಿದ್ದರು. ಪಕ್ಕದಲ್ಲೇ ಗುಂಡೆಸೆತದ ಕಬ್ಬಿಣದ ಗುಂಡು, ಅದಕ್ಕೆ ರಕ್ತ. ಕೋಲಾರದ ಆಸ್ಪತ್ರೆಯಲ್ಲಿ ಅವರಿಗೆ ಇನ್ನೂ ಎಚ್ಚರವಾಗಿಲ್ಲ. ವೆಂಕಟೇಶಪ್ಪನೋ, "ನಾನೇ ವಡ್ದೆ, ಬರ್ಕೊಳ್ಳಿ" ಎಂದು ಎರಡು ಕೈ ಮುಂದೆ ಚಾಚಿದವನು, ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ. ಅದಕ್ಕೆ ಒತ್ತಾಸೆಯಾಗಿ ಈ ಎಂಟು ಮಕ್ಕಳ ಹೇಳಿಕೆ ಬೇರೆ. ತಮ್ಮ ಜೊತೆ ಆಡುವ ರಾಧನ ಅಪ್ಪ ವೆಂಕಟೇಶಪ್ಪ ಗೇಟಿನಿಂದ ಬಂದರು, ಸಾಮಾನಿನ ಕೋಣೆಗೆ ನುಗ್ಗಿದರು, ಆಮೇಲೆ ಒಳಗೆ ಧಡ್ ಅಂತ ಸದ್ದಾಯಿತು.

ಎಂಟು ಬಾಯಿ, ಒಂದೇ ಮಾತು. ಪದ್ಯ ಒಪ್ಪಿಸಿದ ಹಾಗಿತ್ತು. ಮೇಲಿನ ಸಾಹೇಬರು ಖುಷಿಯಾಗಿದ್ದರು. ಶಶಿರೇಖಳಿಗೆ ಮಾತ್ರ ರಾತ್ರಿಯಿಡೀ ಅದೇ ಕೊರೆತ.

"ಕೂತ್ಕೊಳ್ರಮ್ಮ, ಮೇಡಂ ಏಳ್ತಾವ್ರಲ್ಲ," ಎಂದು ಮಹಿಳಾ ಕಾನ್‌ಸ್ಟೇಬಲ್ ಮುನಿನಾರಾಯಣಮ್ಮ ಗದರಿದಳು.

ಹುಡುಗಿಯರು ಕೂತರು. ಮೈದಾನದ ನಡುವೆ, ಎರಡು ಕಂಬಗಳ ಮಧ್ಯದ ಸುಣ್ಣದ ಗೆರೆಯ ಮೇಲೆ, ಸಾಲಾಗಿ ಮಂಡಿ ಮಡಿಚಿ ಕೂತರು.

ಶಶಿರೇಖ ನೋಡುತ್ತಾ ನಿಂತಳು. ಎಲಾ! ಇಷ್ಟು ಹೊತ್ತು ನನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?

ಮೊದಲನೆಯವಳು ಗೇಟಿನ ಕಡೆ ಮುಖ ಮಾಡಿ ಕೂತಿದ್ದಳು. ಎರಡನೆಯವಳು ಸಾಮಾನಿನ ಕೋಣೆಯ ಕಡೆ. ಮೂರನೆಯವಳು ಮತ್ತೆ ಗೇಟಿನ ಕಡೆ. ಹಾಗೇ ಸಾಲಿನ ಕೊನೆಯವರೆಗೂ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ. ಖೋ ಖೋದಲ್ಲಿ ಅಟ್ಟಿಸುವ ತಂಡ ಕೂರುವುದೇ ಹಾಗೆ. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವರ ಮೈಗೇ ಅದು ಗೊತ್ತಿತ್ತು. ಠಾಣೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಹೇಳಿಕೆ ತೆಗೆದುಕೊಂಡಾಗ ಇದು ಯಾರಿಗೆ ಹೊಳೆಯಬೇಕು?

ಅವಳು ಹೋಗಿ ಮೊದಲನೇ ಹುಡುಗಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಒಂಬತ್ತನೇ ಕ್ಲಾಸಿನ ಮಧುಶ್ರೀ. ತಂಡಕ್ಕೆಲ್ಲ ಚಿಕ್ಕವಳು.

"ಇಲ್ಲಿಂದ ಏನೇನು ಕಾಣ್ತದೆ ಪುಟ್ಟ?"

"ಗೇಟು ಮೇಡಂ. ಅದರಾಚೆ ಸೈನೈಡ್ ದಿಬ್ಬ."

"ಸಾಮಾನಿನ ಕೋಣೆ?"

"ಅದು ಬೆನ್ನಿಂದೆ ಅಲ್ವಾ."

"ಅವತ್ತು ತಿರುಗಿ ನೋಡಿದ್ಯಾ?"

"ಅಯ್ಯೋ, ಇಲ್ಲಪ್ಪ!" ಮಧುಶ್ರೀಗೆ ರೋಷವೇ ಬಂತು. "ಸಾರ್ ಸೀಟಿ ಊದೋವರೆಗೂ ಏಳಂಗಿಲ್ಲ, ತಲೆ ತಿರುಗಿಸಂಗಿಲ್ಲ. ತಿರುಗಿಸಿದ್ರೆ ಗ್ರೌಂಡ್ ಸುತ್ತಿಸ್ತಾರೆ. ಅವತ್ತೂ ಹಂಗೇ ಕೂರಿಸಿ, ಈಗ ಬಂದೆ ಅಂತ ಕೋಣೆಗೆ ಹೋದ್ರು. ನಾನು ಒಂದ್ಸಲಾನೂ ತಿರುಗಿಲ್ಲ. ಬೇಕಾದ್ರೆ ಸಾರ್‌ನೇ..."

ಮಾತು ಅಲ್ಲಿಗೇ ನಿಂತಿತು. ತಾನೇನು ಹೇಳಿಬಿಟ್ಟೆ ಎನ್ನುವುದು ಹುಡುಗಿಗೆ ಆಮೇಲೆ ತಿಳಿಯಿತು. ತಿರುಗಿ ನೋಡದೆ ಇದ್ದವಳು ವೆಂಕಟೇಶಪ್ಪ ಕೋಣೆಗೆ ನುಗ್ಗಿದ್ದನ್ನು ಹೇಗೆ ನೋಡಿಯಾಳು?

"ಮ್ಯಾಮ್, ಅವಳಿಗೆ ಭಯ, ಏನೇನೋ ಹೇಳ್ತಿದಾಳೆ!" ಸಾಲಿನ ಎರಡನೆಯವಳು ದಡಕ್ಕನೆ ಎದ್ದಳು. ಕ್ಯಾಪ್ಟನ್ ಅಕ್ಷರಾ. ಅಪ್ಪ ಕಾರ್ಖಾನೆಯಲ್ಲಿ ನೌಕರಿ, ಮಾತಿನಲ್ಲಿ ಮಗಳೇ ಸೂಪರ್‌ವೈಸರು.

"ಕೂತ್ಕೋ ಅಕ್ಷರಾ. ಸೀಟಿ ಇನ್ನೂ ಊದಿಲ್ಲ."

ಅಕ್ಷರಾ ಕೂತಳು. ಕೂತದ್ದು ಮಾತಿಗೆ ಹೆದರಿಯಲ್ಲ, ಸೀಟಿ ಎಂಬ ಶಬ್ದಕ್ಕೆ.

"ಗೇಟು ಕಾಣೋ ನಾಲ್ಕು ಜನ ಹೇಳಿ. ಒಳಗಿನ ಸದ್ದು ಮೊದಲಾ, ರಾಧನ ಅಪ್ಪ ಗೇಟಿಗೆ ಬಂದದ್ದು ಮೊದಲಾ?"

ಹಳೇ ಚಿನ್ನದ ಗಣಿಯ ಮಣ್ಣು ಸುರಿದು ಎದ್ದ ಆ ದಿಬ್ಬದ ಕಡೆಯಿಂದ ಬೀಸಿದ ಗಾಳಿ ಬೂದಿಬಣ್ಣದ ಧೂಳನ್ನು ಮೈದಾನದ ಉದ್ದಕ್ಕೂ ಎಳೆದು ತಂದಿತು. ಹುಡುಗಿಯರು ಅಭ್ಯಾಸದ ಮೇಲೆ ಕಣ್ಣು ಮುಚ್ಚಿ ತೆರೆದರು.

"ಸದ್ದು ಮೊದಲು," ಎಂದು ಮಧುಶ್ರೀ ಬಿಕ್ಕಿದಳು. "ಆಮೇಲೆ ಅಂಕಲ್ ಹಾಲಿನ ಗಾಡಿ ಬಂತು. ಅವರು ಕ್ಯಾನು ಇಳಿಸ್ತಾ ಇದ್ರು ಮೇಡಂ, ಒಳಗಿಂದ ರಾಧಕ್ಕ ಕಿರುಚಿದ್ಲು. ಕ್ಯಾನು ಬಿಸಾಕಿ ಓಡಿದ್ರು."

ಮುನಿನಾರಾಯಣಮ್ಮ "ದೇವುಡಾ" ಎಂದು ಬಾಯಿಗೆ ಕೈ ಅಡ್ಡ ಇಟ್ಟಳು.

"ಹಾಗಾದ್ರೆ ಕೋಣೆ ಕಾಣೋರು ಹೇಳಿ. ಮೇಷ್ಟ್ರ ಹಿಂದೆ ಒಳಗೆ ಹೋದೋರು ಯಾರು?"

ನಾಲ್ಕು ತಲೆಗಳು ಬಗ್ಗಿದವು. ಅಕ್ಷರಾಳ ಕಣ್ಣು ಮಾತ್ರ, ಅವಳು ಬೇಡವೆಂದರೂ ಕೇಳದೆ, ಕಲ್ಲುಬಾವಿಯ ಕಟ್ಟೆಯ ಕಡೆ ಹೋಗಿ ಬಂತು.

ಅಲ್ಲಿ ಒಂಬತ್ತನೆಯವಳು ಒಂಟಿಯಾಗಿ ಕೂತಿದ್ದಳು. ಜರ್ಸಿ ಇಲ್ಲ, ಮಾಸಿದ ಯೂನಿಫಾರ್ಮು. ಬಲಮಂಡಿಗೆ ಪಟ್ಟಿ. ಕಂಬದ ಬಳಿಯಿಂದ ಹೊರಟರೆ ಗಾಳಿಗೇ ಸಿಗದವಳು ಎಂದು ತಾಲ್ಲೂಕೆಲ್ಲ ಹೆಸರಾದ ರಾಧ. ವೆಂಕಟೇಶಪ್ಪನ ಒಬ್ಬಳೇ ಮಗಳು.

"ಸದ್ದಾದ ಮೇಲೆ ಹೋದಳು ಮ್ಯಾಮ್," ಎಂದಳು ಅಕ್ಷರಾ. ದನಿಯ ಗತ್ತೆಲ್ಲ ಇಳಿದುಹೋಗಿತ್ತು. "ನಮ್ಮಲ್ಲಿ ನಿಂತಿದ್ದವಳು ಅವಳೊಬ್ಬಳೇ. ಅಟ್ಟಿಸೋಳು. ಏನಾಯ್ತು ನೋಡ್ತೀನಿ ಅಂತ ಹೋದಳು. ಹೊರಗೆ ಬಂದಾಗ ಕೈಯೆಲ್ಲ ರಕ್ತ. ಆಮೇಲೆ ಅಂಕಲ್ ಬಂದು ನಮ್ಮ ಮುಂದೆ ಮಂಡಿ ಊರಿದ್ರು. ನನ್ನ ಮಗಳನ್ನ ಉಳಿಸ್ರವ್ವ, ನಾನೇ ಅಂತ ಹೇಳ್ರವ್ವ ಅಂದ್ರು. ಅಷ್ಟು ದೊಡ್ಡೋರು ಮ್ಯಾಮ್. ನಾವೇನು ಮಾಡ್ಬೇಕಿತ್ತು?"

ಶಶಿರೇಖಳಿಗೆ ಆ ಅಪ್ಪನ ಮೇಲೆ ಸಿಟ್ಟೂ ಬಂತು, ಕಣ್ಣೂ ತುಂಬಿತು.

"ಹೋಗಲಿ ಬಿಡಿ ಮೇಡಂ, ಮಕ್ಕಳ ಮಾತು," ಎಂದರು ಸುಬ್ಬರಾಯಪ್ಪ, ಕತ್ತು ಒರೆಸುತ್ತ. "ನಾನು ಬಂಗಾರಪೇಟೆಗೆ ಫೋನ್ ಮಾಡಿ ಬರ್ತೀನಿ, ಸ್ವಲ್ಪ ತಡ ಆಗ್ತದೆ ಅಂತ. ಸುಕನ್ಯ, ಮಕ್ಕಳನ್ನ ನೋಡ್ಕೊಳ್ಳಿ."

ನಿಂಬೆ ಹೋಳಿನ ಡಬ್ಬಿ ಹಿಡಿದು ನಿಂತಿದ್ದ ವಿಜ್ಞಾನದ ಟೀಚರು ತಲೆಯಾಡಿಸಿದಳು. ಹುಡುಗಿಯರ ತಂಡ ಹೊರಗೆ ಹೋಗಬೇಕಾದರೆ ಜೊತೆಗೆ ಟೀಚರಮ್ಮ ಒಬ್ಬರು ಇರಲೇಬೇಕು. ಮೇಷ್ಟ್ರು ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಆಟದ ಗಂಧಗಾಳಿ ಇಲ್ಲದ ಸುಕನ್ಯಳ ತಲೆಗೇ ಎಲ್ಲ ಬಂದಿತ್ತು.

"ಇವರನ್ನ ಅಲ್ಲಾಡೋಕೆ ಬಿಡಬೇಡ," ಎಂದು ಮುನಿನಾರಾಯಣಮ್ಮನಿಗೆ ಹೇಳಿ, ಶಶಿರೇಖ ರಾಧನ ಕೈ ಹಿಡಿದು ಎಬ್ಬಿಸಿದಳು.

ಸಾಮಾನಿನ ಕೋಣೆಯ ಬೀಗದ ಕೈ ಪೊಲೀಸರ ಹತ್ತಿರವೇ ಇತ್ತು. ಬಾಗಿಲು ತೆರೆದಾಗ ರಬ್ಬರು, ಬೆವರು, ನೋವಿನೆಣ್ಣೆ ಎಲ್ಲ ಕಲೆತ ವಾಸನೆ ಮುಖಕ್ಕೆ ಬಡಿಯಿತು. ಒಂದು ಮೂಲೆಯಲ್ಲಿ ಜಾವೆಲಿನ್‌ಗಳು, ಇನ್ನೊಂದರಲ್ಲಿ ಹರಿದ ನೆಟ್ಟು. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಗುರುತು ಇನ್ನೂ ಅಳಿಸಿರಲಿಲ್ಲ. ರಾಧ ಅದನ್ನು ದಾಟದೆ ಹೊಸಿಲಲ್ಲೇ ನಿಂತಳು.

"ಒಳಗೆ ಬಾ. ಕೂತ್ಕೋ. ನೀನು ಬಾಯಿ ಬಿಡದೆ ಇದ್ರೆ ಇವತ್ತು ನಿಮ್ಮಪ್ಪ ಜೈಲಿಗೆ ಹೋಗ್ತಾನೆ. ಗೊತ್ತಾ?"

"ಗೊತ್ತು."

"ನೀನು ಹೊಡೆದ್ಯಾ?"

"ಇಲ್ಲ ಮೇಡಂ."

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

ರಾಧ ತಲೆ ಎತ್ತಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅತ್ತು ಅತ್ತು ಬತ್ತಿದ ಮುಖ ಅದು.

"ನಾನು ಒಳಕ್ಕೆ ಓಗೋ ಒತ್ತಿಗೇ ಸಾರ್ ಬಿದ್ದಿದ್ರು. ಎತ್ತೋಕೆ ನೋಡ್ದೆ, ಆಗ್ಲಿಲ್ಲ, ಕಿರುಚ್ಕಂಡೆ. ಅಪ್ಪ ಬಂದ. ನನ್ನ ಕೈ ನೋಡ್ದ. ನಾನಲ್ಲಪ್ಪ, ನಾನಲ್ಲಪ್ಪ ಅಂತ ಏಳ್ದೆ ಮೇಡಂ. ಕಾಲು ಇಡ್ಕಂಡು ಏಳ್ದೆ. ಅಪ್ಪ ನಂಬಲಿಲ್ಲ. ನೀನು ಬಾಯಿ ಬಿಟ್ರೆ ನಾನು ಅಲ್ಲೇ ಲಾಕಪ್ಪಲ್ಲೇ ಸಾಯ್ತೀನಿ ಅಂದ." ಅವಳ ದನಿ ಸೀಳಿತು. "ಜೈಲಿಗೆ ಓಗೋಕೆ ರೆಡಿ ಆದ ಮೇಡಂ. ನನ್ನ ಮಾತು ನಂಬೋಕೆ ಮಾತ್ರ ಆಗ್ಲಿಲ್ಲ ಅವನಿಗೆ. ಅಪ್ಪನೇ ನಂಬ್ದಿದ್ದೋಳ್ನ ನೀವು ನಂಬ್ತೀರಾ?"

ಶಶಿರೇಖ ಹುಡುಗಿಯ ಎದುರು ನೆಲದ ಮೇಲೇ ಕೂತಳು.

"ನಂಬ್ತೀನಿ. ಅದಕ್ಕೇ ಕೇಳ್ತಿದೀನಿ. ನಿಮ್ಮಪ್ಪ ಯಾಕೆ ನಂಬಲಿಲ್ಲ?"

"ಅವತ್ತು ಬೆಳಿಗ್ಗೆ ಸಾರ್ ನನ್ನ ಟೀಮಿಂದ ತೆಗೆದಾಕಿದ್ರು. ಮನೇಲಿ ಅತ್ತು ರಂಪ ಮಾಡಿದ್ದೆ, ಸಾರ್ ಸತ್ತೋಗ್ಲಿ ಅಂತ ಬೈದಿದ್ದೆ. ಆಟ ಬಿಡಲ್ಲ ಅಂತ ಸಾಯಂಕಾಲ ಪ್ರಾಕ್ಟೀಸಿಗೆ ಬಂದೆ. ಅಪ್ಪ ಅದಕ್ಕೇ ಸಾರ್‌ನ ಮಾತಾಡ್ಸೋಕೆ ಬಂದಿದ್ದು."

"ಟೀಮಿಂದ ಯಾಕೆ ತೆಗೆದ್ರು? ನೀನಲ್ವಾ ಇವರಲ್ಲೆಲ್ಲ ಚೆನ್ನಾಗಿ ಆಡೋಳು?"

ರಾಧನ ಕೈ ತಾನಾಗಿ ಮಂಡಿಯ ಮೇಲೆ ಹೋಯಿತು. ಶಶಿರೇಖ ಮೆಲ್ಲಗೆ ಆ ಪಟ್ಟಿ ಬಿಚ್ಚಿದಳು. ಮಂಡಿ ಊದಿ ಹೊಳೆಯುತ್ತಿತ್ತು. ಚಿಪ್ಪಿನ ಎರಡು ಪಕ್ಕಕ್ಕೂ ಸೂಜಿ ಚುಚ್ಚಿದ ಕೆಂಪು ಚುಕ್ಕೆಗಳು, ಹಳೆಯವು, ಹೊಸವು.

"ಇದೇನೇ ಇದು?"

"ಮ್ಯಾಚಿಗೆ ಮುಂಚೆ ಚುಚ್ತಾರೆ. ನೋವು ಗೊತ್ತಾಗಲ್ಲ, ಓಡಬೌದು. ಆಮೇಲೆ ರಾತ್ರಿಯೆಲ್ಲ ಕಾಲು ಮಡಚೋಕಾಗಲ್ಲ. ಸಾರ್‌ಗೆ ಗೊತ್ತಿರ್ಲಿಲ್ಲ ಮೇಡಂ, ದೇವ್ರಾಣೆ. ಅವತ್ತು ಮಂಡಿ ನೋಡ್ಬಿಟ್ರು. ಯಾರು ಚುಚ್ಚಿದ್ದು ಏಳು, ಏಳೋವರ್ಗೂ ನೀನು ಮ್ಯಾಚಿಗೆ ಇಳಿಯಂಗಿಲ್ಲ ಅಂದ್ರು. ನಾನು ಏಳ್ಲಿಲ್ಲ. ಮಾತು ಕೊಟ್ಟಿದ್ದೆ."

ಮೇಷ್ಟ್ರು ಹುಡುಗಿಯನ್ನು ತೆಗೆದದ್ದು ಕೋಪಕ್ಕಲ್ಲ, ಅವಳ ಕಾಲು ಉಳಿಸಲು. ಚುಚ್ಚಿದವರು ಯಾರೆಂದು ತಾವೇ ಹುಡುಕಿ ತೆಗೆದಿರಬೇಕು. ಅದಕ್ಕೇ ತಲೆ ಒಡೆಯಿತು.

"ಒಳಗೆ ಬಂದಾಗ ಬೇರೆ ಯಾರೂ ಇರಲಿಲ್ವಾ? ಸರಿಯಾಗಿ ಜ್ಞಾಪಿಸ್ಕೋ."

"ಇಲ್ಲ. ಆದ್ರೆ..." ರಾಧ ಹುಬ್ಬು ಗಂಟಿಕ್ಕಿದಳು. "ಗಾಳಿ ಬರ್ತಿತ್ತು ಮೇಡಂ. ಈ ರೂಮಲ್ಲಿ ಯಾವತ್ತೂ ಗಾಳಿ ಆಡಲ್ಲ, ಉಸ್ರು ಕಟ್ಟತ್ತೆ. ಅವತ್ತು ಧೂಳು ಕಣ್ಣಿಗೆ ಬಿತ್ತು."

ಎದುರು ಗೋಡೆಯಲ್ಲಿ ಇನ್ನೊಂದು ಬಾಗಿಲಿತ್ತು. ಅದರಾಚೆ ಆಫೀಸಿನ ಓಣಿ. ಕೀಲಿಕೈ ಕಳೆದುಹೋಗಿ ಕಾಲವಾಯಿತು, ಅದನ್ನು ಯಾರೂ ತೆರೆಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಶಶಿರೇಖ ಅದನ್ನು ಎಳೆದಿದ್ದಳು, ಅಲ್ಲಾಡಲಿಲ್ಲ, ಬಿಟ್ಟಿದ್ದಳು. ಈಗ ಹೋಗಿ ಕೀಲಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಹೊಸ ಎಣ್ಣೆ ಅಂಟಿತು. ಯಾರೋ ಈಚೆಗೆ ಈ ಬಾಗಿಲು ತೆರೆದಿದ್ದರು.

ಛೆ! ಕೈಗೆ ಸಿಕ್ಕುವಷ್ಟು ಹತ್ತಿರದಲ್ಲಿದ್ದದ್ದನ್ನು ನೋಡಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

"ಇನ್ನೊಂದು ಮೇಡಂ," ಎಂದಳು ರಾಧ. "ಸಾರ್ ಕತ್ತಲ್ಲಿ ಸೀಟಿ ಇರ್ಲಿಲ್ಲ. ಕೆಂಪು ದಾರ ಮಾತ್ರ ಇತ್ತು. ಒಳಕ್ಕೆ ಓಗುವಾಗ ಬಾಯಲ್ಲೇ ಕಚ್ಕೊಂಡಿದ್ರು, ನಾನೇ ನೋಡಿದ್ದೀನಿ."

ಕೆಂಪು ದಾರ. ಆಸ್ಪತ್ರೆಯಿಂದ ಬಂದ ಸಾಮಾನಿನಲ್ಲಿ ಗಡಿಯಾರ, ಕರ್ಚೀಫಿನ ಜೊತೆಗೆ ಅದೂ ಇತ್ತು. ಯಾವುದೋ ದೇವರ ದಾರವಿರಬೇಕು ಎಂದುಕೊಂಡು ಕೈ ಮುಗಿಯುವುದೊಂದು ಬಾಕಿ, ಕವರಿಗೆ ಹಾಕಿದ್ದಳು.

"ಯಾರಾದ್ರೂ ತಗೊಂಡಿದ್ರೆ ಪತ್ತೆ ಮಾಡೋದು ಹೇಗೆ? ಸೀಟಿಗಳೆಲ್ಲ ಒಂದೇ ಥರ."

"ಯಾರಂದ್ರು? ಅದು ಸೀಳು ಬಿಟ್ಟಿರೋ ಸೀಟಿ ಮೇಡಂ. ಊದಿದ್ರೆ ಎರಡು ದನಿ ಬರತ್ತೆ, ಒಂದು ದಪ್ಪ, ಒಂದು ಕೀರಲು. ಹೊಸದು ತಗೊಳ್ಳಿ ಸಾರ್ ಅಂತ ನಾವೆಲ್ಲ ಆಡ್ಕೊಂಡು ನಗ್ತಿದ್ವಿ. ನಿದ್ದೇಲಿ ಕೇಳ್ಸಿದ್ರೂ ಎದ್ದು ಓಡ್ತೀವಿ ಅದಕ್ಕೆ." ಮೊದಲ ಸಲ ಅವಳ ಮುಖದ ಮೇಲೆ ನಗುವಿನ ನೆರಳು ಹಾದು ಹೋಯಿತು. ಆಮೇಲೆ ಅದೂ ಇಲ್ಲ. "ಅವತ್ತು ಅದು ಊದೋದಕ್ಕೇ ಕಾಯ್ತಾ ಕೂತಿದ್ರು ಪಾಪ ಎಲ್ರೂವೆ. ಅದು ಬರಲೇ ಇಲ್ಲ."

ಶಶಿರೇಖ ಹುಡುಗಿಯ ಎರಡು ಭುಜಗಳನ್ನೂ ಹಿಡಿದಳು.

"ರಾಧ. ಆ ಮಾತು ಕೊಟ್ಟದ್ದು ಯಾರಿಗೆ? ನಿನಗೆ ಸೂಜಿ ಚುಚ್ತಿದ್ದೋರು ಯಾರು? ಅವರಿಗೋಸ್ಕರ ನಿಮ್ಮಪ್ಪ ಜೈಲಿಗೆ ಹೋಗ್ಬೇಕಾ?"

ರಾಧ ಬಾಯಿ ತೆರೆದಳು.

ಆಗ ಹೊರಗೆ ಮೈದಾನದಲ್ಲಿ ಸೀಟಿ ಕೂಗಿತು.

ಉದ್ದಕ್ಕೆ, ಜೋರಾಗಿ. ಒಂದು ದಪ್ಪ ದನಿ, ಅದರೊಳಗೇ ಒಂದು ಕೀರಲು.

ರಾಧ ಬಿಳಿಚಿಕೊಂಡಳು. "ಅದು ಸಾರ್ ಸೀಟಿ!"

"ನೀನು ಇಲ್ಲೇ ಇರು!" ಎಂದವಳೇ ಶಶಿರೇಖ ಹೊಸಿಲು ದಾಟಿ ಓಡಿದಳು.

ಮೈದಾನದಲ್ಲಿ ಎಂಟು ಹುಡುಗಿಯರೂ ಎದ್ದು ನಿಂತಿದ್ದರು. ಎದ್ದದ್ದು ಅಭ್ಯಾಸಬಲದಿಂದ, ಈಗ ನಿಂತಲ್ಲೇ ಕಲ್ಲಾಗಿದ್ದರು. ಮಧುಶ್ರೀ ಎರಡು ಕಿವಿಯನ್ನೂ ಮುಚ್ಚಿಕೊಂಡು ಅಳುತ್ತಿದ್ದಳು. ಅವರ ಮುಂದೆ ನಿಂತಿದ್ದ ಸುಕನ್ಯ ಏನಾಯಿತೆಂದು ತಿಳಿಯದೆ ಕಕ್ಕಾಬಿಕ್ಕಿಯಾಗಿ, ಬಾಯಿಂದ ಸೀಟಿ ತೆಗೆದಳು.

"ಎಲ್ಲಿ ಸಿಕ್ತು ಇದು?" ಶಶಿರೇಖ ಅದನ್ನು ತನ್ನ ಕರ್ಚೀಫಿನಲ್ಲಿ ಹಿಡಿದು ಕಸಿದುಕೊಂಡಳು.

"ಇದಾ ಮೇಡಂ? ಹೆಡ್‌ಮಾಸ್ಟರ್ ಕೊಟ್ರು. ನೀವು ರಾಧನ್ನ ಕೋಣೆಗೆ ಕರ್ಕೊಂಡು ಹೋದ ಮೇಲೆ, ಫೋನ್ ಮಾಡೋಕೆ ಹೊರಟು ಕೈಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಜೋರಾಗಿ ಊದಿ, ಮಕ್ಕಳು ಸೇರ್ತಾರೆ ಅಂದ್ರು. ಯಾಕೆ, ಏನಾಯ್ತು?"

ಸೀಟಿಯ ಬಿರುಕಿನಲ್ಲಿ ಕಂದು ಬಣ್ಣದ ಕಲೆ ಒಣಗಿ ಕೂತಿತ್ತು.

"ಅವರೆಲ್ಲಿ? ಹೆಡ್‌ಮಾಸ್ಟರ್ ಎಲ್ಲಿ?"

"ಆಫೀಸಿನ ಕಡೆ ಹೋದ್ರಲ್ಲ. ಆ ಓಣಿಯೊಳಗೆ."

ಓಣಿಯೊಳಗೆ. ಎಣ್ಣೆ ಹಾಕಿದ ಬಾಗಿಲಿನ ಆಚೆಗೆ. ಈ ಸೀಟಿ ಊದಿಸಿದ್ದು ಮಕ್ಕಳನ್ನು ಸೇರಿಸಲಿಕ್ಕಲ್ಲ, ತನ್ನನ್ನು ಆ ಕೋಣೆಯಿಂದ ಹೊರಗೆ ಎಬ್ಬಿಸಲಿಕ್ಕೆ. ಹೆಸರು ಹೇಳಲು ಬಾಯಿ ತೆರೆದಿದ್ದ ಹುಡುಗಿಯನ್ನು ಒಂಟಿಯಾಗಿ ಬಿಟ್ಟು ಬಂದೆನಲ್ಲ!

"ಮ್ಯಾಮ್!" ಎಂದು ಅಕ್ಷರಾ ಕಿರುಚಿದಳು.

ಶಶಿರೇಖ ತಿರುಗಿದಳು. ತಾನು ಹಾರುಹೊಡೆದು ಬಂದಿದ್ದ ಸಾಮಾನಿನ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಗಾಳಿಗಲ್ಲ. ಬಾಗಿಲಂಚಿನಲ್ಲಿ ಬೆರಳುಗಳಿದ್ದವು, ಬೆರಳುಗಳ ನಡುವೆ ಒಂದು ಕರ್ಚೀಫು.

ಈ ಸಲ ಎಂಟು ಮುಖಗಳೂ ಒಂದೇ ಕಡೆಗಿದ್ದವು. ಒಳಗಿನಿಂದ ಚಿಲಕ ಬಿದ್ದ ಸದ್ದು ಅವರೆಲ್ಲರಿಗೂ ಕೇಳಿಸಿತು.